ಬಚ್ಚಿ ಮೊಗವೀರ್ತಿಯ ಬಲಗೈ

ಅಧಿಕ ಮಾರ್ಚ್ ೩೬, ೨೩೧೮

ಹಿರಿಯರೇ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ದೇಶದೇಶಗಳ ಸಮುದ್ರ ಪರಿಹಾರ ಪಂಚಾಯ್ತಿಯಲ್ಲಿ ನಡುಗಾರ್ತಿ. ಮೊಕದ್ದಮೆಯ ಸತ್ಯಾಸತ್ಯ ನನಗೆ ಸೇರಿದ್ದಲ್ಲ. ವಿಚಾರಣೆಯ ಕ್ರಮದ ಬಗ್ಗೆ ಎರಡು ದೇಶಗಳು ತಕರಾರು ತೆಗೆದರೆ, ಯಾರ ಮರ್ಯಾದೆಯೂ ಹೋಗದಂತೆ ರಾಜಿ ಮಾಡಿಸುವುದಷ್ಟೇ ನನ್ನ ಕೆಲಸ. ಅಲ್ಲಿ ಕೇಳಿದ್ದನ್ನು ಬದುಕಿರುವ ಯಾರಿಗೂ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದೇನೆ.

ಕಡಲಾಚೆಯ ದೇಶವೊಂದು ಅಲೆಗೋಡೆ ಕಟ್ಟಿಕೊಂಡಿದೆ. ಉಕ್ಕುವ ಕಡಲನ್ನು ತಡೆದು ನಿಲ್ಲಿಸುವ, ಬಾಗಿಲುಗಳಿರುವ ಗೋಡೆ ಅದು. ಒಂದು ಬೆಳಿಗ್ಗೆ, ಒಳಗೆ ತುಂಬಿಕೊಂಡ ನೀರನ್ನು ನಮ್ಮ ಕಡೆಗೆ ಹೊರಬಿಡಲು ಬಾಗಿಲು ತೆರೆದರು. ನೀರು ಬಂದು ಕುಂದಾಪುರದ ಕಡೆಯ ಒಂದು ಕೇರಿಯನ್ನೇ ನುಂಗಿತು. ಮೊದಲೇ ಎಚ್ಚರಿಕೆಯ ಕೊಂಬು ಊದಿದ್ದೆವು ಎಂಬುದು ಅವರ ವಾದ. ಊದಿದ್ದರೆ ತಪ್ಪು ಸತ್ತವರದು, ಊದದಿದ್ದರೆ ಅವರದು. ಹೇಳಲು ಉಳಿದವಳು ಬಚ್ಚಿ ಮೊಗವೀರ್ತಿ ಒಬ್ಬಳೇ.

ಸಾಕ್ಷಿಯನ್ನು ಎರಡೂ ದೇಶಗಳ ರಾಯಭಾರಿಗಳು ಒಂದೊಂದು ಕೈ ಹಿಡಿದು ಒಳಗೆ ಕರೆತರಬೇಕೆಂಬುದು ನಮ್ಮ ಪದ್ಧತಿ. ಬಲಗೈ ಯಾರದು? ಬಿಟ್ಟುಕೊಟ್ಟರೆ ಅರ್ಧ ತಪ್ಪು ಒಪ್ಪಿಕೊಂಡಂತೆ ಎಂದು ಇಬ್ಬರೂ ಹಟ ಹಿಡಿದರು. ಥೂ, ಎಂಥ ವಿನಯದ ಹಟ ಅದು! ಪ್ರತಿ ನಿರಾಕರಣೆಯ ಜೊತೆಗೂ ಹಣ್ಣಿನ ಬುಟ್ಟಿ, ಕ್ಷಮಾಪಣೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ ಬಚ್ಚಿ ಹೊರಗಿನ ಬೆಂಚಿನ ಮೇಲೆ ದಿನದಿನಕ್ಕೂ ಸೊರಗಿದಳು. ಅವಳ ಶ್ವಾಸಕೋಶದಲ್ಲಿ ಆ ಉಪ್ಪುನೀರಿನ ಕೆಮ್ಮು ಇನ್ನೂ ಇತ್ತು.

“ನಂಗ್ ಉಸ್ರ್ ಇಪ್ಪ ಹೊತ್ತಿಗೇ ಕೇಣಿ ಮಾರಾಯ್ರೆ, ಸತ್ತ್ ಮೇಲೆ ಹೇಳುಕ್ ಆತ್ತಿಲ್ಲ” ಎಂದಳು. ನಾನು ಸಮಾಧಾನ ಹೇಳಿ ಗಂಜಿ ತರಿಸಿಕೊಟ್ಟೆ.

ಕೊನೆಗೆ ರಾಜಿಯಾಯಿತು: ಒಳಗೆ ಬರುವಾಗ ಬಲಗೈ ಕಡಲಾಚೆಯವರಿಗೆ, ಹೊರಗೆ ಹೋಗುವಾಗ ನಮ್ಮ ದೇಶದವರಿಗೆ. ಅಷ್ಟರಲ್ಲಿ ಬಚ್ಚಿ ಅದೇ ಬೆಂಚಿನ ಮೇಲೆ ತೀರಿಕೊಂಡಿದ್ದಳು. ಆದರೆ ಒಪ್ಪಿದ ಕ್ರಮವನ್ನು ಮುರಿಯುವಂತಿಲ್ಲವಲ್ಲ! ಇಬ್ಬರು ರಾಯಭಾರಿಗಳೂ ನಡುವೆ ಒಬ್ಬಳಿಗಾಗುವಷ್ಟು ಜಾಗ ಬಿಟ್ಟು, ಖಾಲಿ ಗಾಳಿಯನ್ನು ಹಿಡಿದು ಗಂಭೀರವಾಗಿ ಒಳಗೆ ಬಂದರು, ಖಾಲಿ ಕುರ್ಚಿಗೆ ತಲೆಬಾಗಿದರು, ಕೈ ಬದಲಿಸಿಕೊಂಡು ಹೊರಗೆ ಹೋದರು. ಅಧ್ಯಕ್ಷರು ನನ್ನ ಜಾಣ್ಮೆಯನ್ನು ಹೊಗಳಿದರು. ಎದುರು ಸಾಕ್ಷಿ ಇಲ್ಲದ ಕಾರಣ ಕೊಂಬು ಊದಿದ್ದರೆಂದೇ ತೀರ್ಪಾಯಿತು.

ನನ್ನ ಕಾಲಕ್ಕೆ ನೀವು ಯಾರೂ ಬದುಕಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇಂಥ ಪಂಚಾಯ್ತಿಗಳ ನಿಯಮ ಬರೆಯುವವರು ನಿಮ್ಮಲ್ಲಿ ಈಗ ಎಲ್ಲೋ ಕುಳಿತಿರುತ್ತಾರೆ. ಮೊದಲು ಬಾಯಿ ಕೇಳಿ, ಆಮೇಲೆ ಕೈಯ ಜಗಳ ಆಡಿ ಎಂದು ಬರೆಸಿ. ಈ ತೀರ್ಪಿನ ಧೈರ್ಯದ ಮೇಲೆ ಅವರು ಮುಂದಿನ ಹುಣ್ಣಿಮೆಗೆ ಮತ್ತೆ ಬಾಗಿಲು ತೆರೆಯುತ್ತಾರಂತೆ.

ಗಂಜಿ ಕುಡಿಯುತ್ತ ಬಚ್ಚಿ ನನಗೆ ಹೇಳಿದ್ದಿಷ್ಟು: “ಕೊಂಬೂ ಇಲ್ಲ, ಎಂತದೂ ಇಲ್ಲ ಮಾರಾಯ್ತಿ. ಮೀನ್ ಒಣಗುಕ್ ಹಾಕ್ತಾ ಇದ್ದೆ. ನೀರ್ ಬಂತ್.”

ಶಾಂಭವಿ ಗೋಳಿಹೊಳೆ