ಮುಚ್ಚಳ ಹಾಕದ ಸೀಸೆ

ಮಂಗಳವಾರ, ೧೪

ಬೆಳಿಗ್ಗೆ ಲ್ಯಾಬಿನಲ್ಲಿ ಐರನ್ ಪೆಂಟಾಕಾರ್ಬೊನಿಲ್ ಎಂಬ ಹಳದಿ ದ್ರವವನ್ನು ದೀಪದ ಬೆಳಕಿಗಿಟ್ಟು ಹೊಂಬಣ್ಣದ ಚಕ್ಕೆ ಮಾಡಿದೆ. ಕಬ್ಬಿಣದ ಬೇರೆ ಸಂಯುಕ್ತಗಳನ್ನು ಮಾಡಲು ಅದು ಬೇಕು. ತೂಗುವಾಗ ಚಕ್ಕೆ ಹಾರದಿರಲೆಂದು, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ, ಆ ದ್ರವದ ವಿಷದ ಆವಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿದೆ. ಮತ್ತೆ ಹಾಕುವುದನ್ನು ಮರೆತೆ. ಉಳಿದ ದ್ರವದ ಸೀಸೆಗೆ ಮುಚ್ಚಳವನ್ನೂ ಹಾಕದೆ ಊಟಕ್ಕೆ ಹೋದೆ.

ಬಂದಾಗ ಗಾಜು ತೊಳೆಯುವ ಅಕ್ಕ ಆ ಸೀಸೆಯ ಪಕ್ಕದಲ್ಲೇ ನಿಂತಿದ್ದಳು. "ಯಾಕೋ ತಲೆ ಸಿಡೀತಿದೆ ಕಣಮ್ಮ, ಮನೆಗೆ ಹೋಗ್ಲಾ?" ಎಂದಳು. ಹೋಗು ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ.

ಸಂಜೆ ಫೋನ್ ಮಾಡಿದೆ. "ಈಗ ಆರಾಮಾಗಿದೀನಿ. ಒಂದು ತಲೆನೋವಿಗೆ ಇಷ್ಟು ವಿಚಾರಿಸ್ತೀಯಲ್ಲ, ನನ್ನ ಸ್ವಂತ ತಂಗೀನೂ ಕೇಳಲ್ಲ" ಎಂದು ನಕ್ಕಳು. ಹೋದ ಜೀವ ಬಂದಂತಾಯಿತು.

ಆಮೇಲೆ ಸುರಕ್ಷತೆಯ ಪುಸ್ತಕ ತೆಗೆದೆ. ಈ ಆವಿ ಒಳಗೆ ಹೋದರೆ ಮೊದಲು ತಲೆನೋವು. ಅದು ಇಳಿದು ಕೆಲವು ಗಂಟೆ ಎಲ್ಲ ಸರಿಹೋದಂತೆ ಇರುತ್ತದೆ. ಅದಾದ ಮೇಲೆ ಜ್ವರ, ಕೆಮ್ಮು, ಉಸಿರು ಕಟ್ಟುವುದು.

ಅವಳ ನಗು ಕಿವಿಯಿಂದ ಹೋಗುತ್ತಿಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಮಲಗಿರಬೇಕು. ಮನೆಯಲ್ಲಿ ಒಬ್ಬಳೇ ಇರುವವಳು, ಕೆಮ್ಮಿದರೆ ಯಾರಿಗೆ ಕೇಳಿಸುತ್ತದೆ? ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಅವಳ ಮನೆಗೇ ಹೋಗುತ್ತೇನೆ. ಬಾಗಿಲು ತೆಗೆದ ಕೂಡಲೇ ಹೇಳಿಬಿಡಬೇಕು, ಅಕ್ಕ, ಅದು ಬರೀ ತಲೆನೋವಲ್ಲ, ನಾನು...