ಹನ್ನೊಂದು ಪಾರ್ಕಿಂಗ್ ಜಗಳಗಳು

ಅಕ್ಟೋಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನೂ ಮಗಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೆ ಉತ್ತರ ಬಾಕಿಯಿದೆ. ಕೆಲಸ ಹೆಚ್ಚಿತ್ತು ಎಂದರೆ ನೀನು ನಗುತ್ತೀಯ, ಆದರೆ ಈ ಸಲ ನಿಜ. ಮೂರು ವಾರದಲ್ಲಿ ಐದು ಊರು ಸುತ್ತಿ, ಈಗ ಲಾಡ್ಜಿನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ್ದು ಓದಿ ಸಂತೋಷವಾಯಿತು. ಮೇಲಧಿಕಾರಿ ಸಿಡುಕನಂತೆ. ಸಿಡುಕುವವರು ವಾಸಿ, ಸದಾ ನಗುವವರ ಹತ್ತಿರ ಹುಷಾರಾಗಿರು ಎಂದು ಹೇಳು.

ಇಲ್ಲಿಯ ಇನ್‌ಸ್ಪೆಕ್ಟರ್ ಅಂಥ ನಗುವವರು. ನಮ್ಮ ತಂಡದ ಕೆಲಸ ನಿನಗೆ ಗೊತ್ತಲ್ಲ. ಯಾವ ಧರ್ಮದವರೇ ಆಗಲಿ, ಹೆದರದೆ ಪ್ರಾರ್ಥಿಸುವಂತೆ ಸರ್ಕಾರ ಕಾಯುತ್ತಿದೆಯೇ, ಯಾರಾದರೂ ಮೇಲೆ ಬಿದ್ದರೆ ದೂರು ಬರೆದುಕೊಳ್ಳುತ್ತದೆಯೇ ಎಂದು ನೋಡಿ ವರದಿ ಕೊಡುವುದು. ಪ್ರಶ್ನೆ ಕೇಳುವವರು ಒಬ್ಬ ನಿವೃತ್ತ ನ್ಯಾಯಾಧೀಶೆ. ಅವರಿಗೆ ಈ ಸೀಮೆಯ ಮಾತು ಬಾರದು. ನಾನು ನಡುವೆ ಕೂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸುತ್ತೇನೆ.

ಠಾಣೆಯಲ್ಲಿ ಧರ್ಮದ್ವೇಷದ ದೂರುಗಳಿಗೆಂದೇ ಇಟ್ಟ ಪುಸ್ತಕ ಒಂದು ಸಾಲೂ ಇಲ್ಲದೆ ಹೊಸದರಂತಿತ್ತು. "ನಮ್ಮಲ್ಲಿ ಅಂಥದ್ದೇನೂ ಇಲ್ಲ ಮೇಡಂ. ಎಲ್ಲಾ ಅಣ್ಣತಮ್ಮಂದಿರ ಹಾಗಿದ್ದೀವಿ" ಎಂದರು ಇನ್‌ಸ್ಪೆಕ್ಟರ್. ನ್ಯಾಯಾಧೀಶೆ ಠಾಣೆಯ ದಿನಚರಿ ತರಿಸಿದರು. ಎರಡು ವರ್ಷದಲ್ಲಿ ಒಂದೇ ಮನೆಯ ಮುಂದೆ ಹನ್ನೊಂದು ಗಲಾಟೆ. ಹನ್ನೊಂದಕ್ಕೂ ಕಾರಣ ಪಾರ್ಕಿಂಗ್.

"ಈ ಮನೆಯವರ ಹತ್ತಿರ ಕಾರಿದೆಯಾ?"

"ಇಲ್ಲ ಮೇಡಂ."

"ಸ್ಕೂಟರು?"

"ಒಂದು ಸೈಕಲ್ ಇದೆ."

"ಹನ್ನೊಂದು ಸಲ ಜಗಳ ಆಗೋವಷ್ಟು ದೊಡ್ಡ ಸೈಕಲ್ಲಾ?"

ಮುಖ ಬಿಗಿಹಿಡಿದು ಅದನ್ನೂ ದಾಟಿಸಿದೆ.

ಆ ಮನೆ ಹಾಸಿಗೆ ಹೊಲಿಯುವವನದು. ಮರುದಿನ ಬೆಳಗ್ಗೆ ಹೋದೆವು. ಮುಂಗೋಣೆಯ ತುಂಬ ಹತ್ತಿ ಹಾರಾಡುತ್ತಿತ್ತು. ಹಿಂದಿನ ಹಜಾರದಲ್ಲಿ ವಾರಕ್ಕೊಮ್ಮೆ ಇಪ್ಪತ್ತು ಜನ ಪ್ರಾರ್ಥನೆಗೆ ಸೇರುತ್ತಾರೆ. ಅಲ್ಲಿಯ ಕಿಟಕಿಗೆ, ಕಲ್ಲೇಟಿಗೆ ಒಡೆದ ಗಾಜಿನ ಬದಲು ಪ್ಲೈವುಡ್ ಬಡಿದಿದ್ದರು. ಪದೇ ಪದೇ ಪಾರ್ಕಿಂಗ್ ಜಗಳವಾಗುವುದರಿಂದ ತಿಂಗಳ ಕೊನೆಗೆ ಪ್ರಾರ್ಥನೆಯ ಅನುಮತಿ ರದ್ದು ಎಂದು ನಗರಸಭೆಯ ನೋಟಿಸು ಬಂದಿತ್ತು. ಕಲ್ಲು ತಿಂದವರಿಗೇ ದಂಡನೆ.

ಅವನ ಹೆಂಡತಿ ಒಳಗಿಂದ ಹಿಟ್ಟಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಒಳಗೆ ಹನ್ನೊಂದು ಕಲ್ಲು. ಒಂದೊಂದಕ್ಕೂ ತಾರೀಖಿನ ಚೀಟಿ ಅಂಟಿಸಿದ್ದಳು.

"ಗಾಜು ಹೊಸದು ಹಾಕಿಸಬಹುದು. ಯಾವತ್ತು ಒಡೀತು ಅಂತ ಯಾರಾದರೂ ಕೇಳಿದರೆ?" ಎಂದಳು.

"ಮದುವೆ ತಾರೀಖು ಮಾತ್ರ ನೆನಪಿರಲ್ಲ ಇವಳಿಗೆ" ಎಂದ ಗಂಡ. ನ್ಯಾಯಾಧೀಶೆಗೆ ಅದನ್ನೂ ಹೇಳಿದೆ, ನಕ್ಕರು. ಆಮೇಲೆ ಚೀಟಿಗಳನ್ನು ದಿನಚರಿಯ ನಕಲಿನೊಂದಿಗೆ ಹೋಲಿಸಿದರು. ಹನ್ನೊಂದೂ ತಾಳೆಯಾದವು.

ಮಧ್ಯಾಹ್ನ ಠಾಣೆಯ ಮೇಜಿನ ಮೇಲೆ ಡಬ್ಬಿ ಇಟ್ಟಾಗ ಇನ್‌ಸ್ಪೆಕ್ಟರ್ ನಗಲಿಲ್ಲ. "ಬರೆದಿದ್ದನ್ನ ತಿದ್ದೋಕೆ ಮೇಲಿಂದ ಆದೇಶ ಬೇಕು ಮೇಡಂ."

"ತಿದ್ದಬೇಡಿ. ಕೆಳಗೆ ಇನ್ನೊಂದು ಸಾಲು ಬರೀರಿ."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ ಒಂದೇ ಒಂದು ನಮೂದಿನ ಕೆಳಗೆ 'ಪ್ರಾರ್ಥನೆಯ ವೇಳೆ ಕಲ್ಲು ತೂರಾಟ' ಎಂದು ಬರೆದು ಸಹಿ ಹಾಕಿದರು. ಉಳಿದ ಹತ್ತು ಪಾರ್ಕಿಂಗಾಗಿಯೇ ಉಳಿದವು. ಆ ಒಂದು ಸಾಲನ್ನು ಹಿಡಿದು ನ್ಯಾಯಾಧೀಶೆ ನಗರಸಭೆಗೆ ಬರೆದರು. ನೋಟಿಸನ್ನು ಆರು ತಿಂಗಳು ತಡೆಹಿಡಿದಿದ್ದಾರೆ. "ಆರು ತಿಂಗಳು ಉಸಿರಾಡಬಹುದು" ಎಂದ ಹಾಸಿಗೆಯವನು. ವರದಿಯಲ್ಲಿ ಇದು ಅರ್ಧ ಪುಟ ಆಗಬಹುದು.

ಮೊಣಕಾಲಿಗೆ ಬಿಸಿನೀರಿನ ಶಾಖ ಬಿಡಬೇಡ. ಮಗಳಿಗೆ ನನ್ನ ಮನಸಾರೆ ಆಶೀರ್ವಾದ. ದುಡಿಮೆ ಅವಳ ಕೈಹಿಡಿಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಕಲ್ಲು ಬಿದ್ದ ಹೊತ್ತಿಗೆ ತಾವೇನು ಮಾಡುತ್ತಿದ್ದೆವೆಂದು ಹೇಳುವಾಗ ಹಾಸಿಗೆಯವನ ಹೆಂಡತಿಗೆ ಹೊರಗಿನವರಿಗೆ ಅರ್ಥವಾಗುವ ಪದ ಸಿಗದೆ ಮಾತು ತಡೆಯಿತು. ನನಗೆ ಅರಿವಿಲ್ಲದೆ ನಾನೇ ತುಂಬಿಕೊಟ್ಟೆ: "ಒಳಕೂಟ." ಅಮ್ಮನ ಎರಡು ಮಗ್ಗುಲಲ್ಲಿ ಪ್ರಾರ್ಥನೆಗೆ ಕಣ್ಣುಮುಚ್ಚಿ ಕೂತು ನಾವಿಬ್ಬರೂ ಕಲಿತ ಪದ. ಹೊರಗಿನವರ ಬಾಯಲ್ಲಿ ಅದು ಬರುವುದಿಲ್ಲ. ಅವಳು ಟೀ ಕೆಟಲ್ ಹಿಡಿದವಳು ಹಾಗೇ ನಿಂತಳು. "ನೀವು ನಮ್ಮವರಾ?" ಎಂದಳು.

ಈ ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಧರ್ಮವೆಂಬ ಕಡೆ 'ಯಾವುದೂ ಇಲ್ಲ' ಎಂದು ಬರೆದಿದ್ದೆ. ಹದಿನೆಂಟು ವರ್ಷವಾಯಿತು, ನಿನಗೂ ಹೇಳಿಲ್ಲ. ಅವಳಿಗೆ "ಅಲ್ಲ" ಎಂದೆ.

"ಏನಂದರು?" ಎಂದು ನ್ಯಾಯಾಧೀಶೆ ಕೇಳಿದರು.

"ಇನ್ನೂ ಸ್ವಲ್ಪ ಟೀ ಬೇಕಾ ಅಂದರು" ಎಂದೆ. ಇಷ್ಟು ವರ್ಷದಲ್ಲಿ ನಾನು ತಪ್ಪಾಗಿ ದಾಟಿಸಿದ ಮೊದಲ ಮಾತು ಅದು.

ನ್ಯಾಯಾಧೀಶೆ ಲೋಟ ಮುಂದೆ ಚಾಚಿದರು. ಅವಳು ಟೀ ಬಗ್ಗಿಸಿದಳು, ಲೋಟ ನೋಡದೆ, ನನ್ನನ್ನೇ ನೋಡುತ್ತಾ.