ಕೆಂಪು ಕಾರಿನ ಎಡಗಡೆ ಪೆಡಲ್ಲು

ಹೊನ್ನಾಳಿ
19 ಜನವರಿ 2025, ಭಾನುವಾರ

ಗೆಳೆಯ ಕೊಟ್ರಬಸಪ್ಪನಿಗೆ,

ನಿನ್ನ ಸುಬಾನಸಾಬನ ಸಲಾಮು, ಶರಣು, ಸಾಲದಿದ್ದರೆ ಒಂದು ನಮಸ್ಕಾರ. ಮೂರರಲ್ಲಿ ಯಾವುದಕ್ಕೆ ನಿನ್ನ ಸಿಟ್ಟು ಇಳಿಯುತ್ತೋ ಅದನ್ನು ಇಟ್ಟುಕೋ. ಸಂಕ್ರಾಂತಿಗೆ ಮುಂಚೆ ಪತ್ರ ಹಾಕುತ್ತೇನೆ ಎಂದು ನಿನ್ನ ಮಗಳು ವಾಣಿಶ್ರೀಗೆ ಮಾತು ಕೊಟ್ಟಿದ್ದೆ. ಹಬ್ಬ ಮುಗಿದು ನೀವು ಎಳ್ಳುಬೆಲ್ಲ ತಿಂದು ಬಾಯಿ ಒರೆಸಿಕೊಂಡದ್ದೂ ಆಯಿತು, ನಾನು ಈಗ ಪೆನ್ನು ಹಿಡಿದಿದ್ದೇನೆ. ತಪ್ಪು ನನ್ನದೇ. ಆದರೆ ಹತ್ತು ದಿನ ನಾನು ನಿನ್ನ ಕಾರಿನ ಕೆಳಗೇ ಇದ್ದೆ, ಅಂಗಾತ ಮಲಗಿ ಪತ್ರ ಬರೆಯುವ ವಿದ್ಯೆ ನನಗೆ ಬರಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ ನೀನು ಒಂದೊಂದು ನಟ್ಟಿಗೂ ಒಂದೊಂದು ಸಲಹೆ ಕೊಡುತ್ತೀಯ. ಪತ್ರದ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಇದು.

ಮೊದಲು ಮುಖ್ಯ ಸುದ್ದಿ. ನಿನ್ನ ಕೆಂಪು ಕಾರಿಗೆ ಹೊಸ ಕ್ಲಚ್ ಬಿದ್ದಿದೆ. ಮನೆ ಅಂಗಳದಲ್ಲೇ, ನನ್ನ ಕೈಯಲ್ಲೇ. ಕಾರು ಓಡುತ್ತಿದೆ.

ಅದನ್ನು ನೀನು ಚಿಕ್ಕಮಗಳೂರಿನ ಎಸ್ಟೇಟಿನವರಿಂದ ಕೊಂಡು ತಂದ ದಿನ ನೆನಪಿದೆಯಾ? ನ್ಯಾಮತಿಯಲ್ಲಿ ಪಾತ್ರೆ ಅಂಗಡಿ ಇಟ್ಟವನು ಹೋಗಿ ಹೋಗಿ ಎರಡೇ ಸೀಟಿನ, ತಲೆ ಮೇಲೆ ಬಟ್ಟೆ ಹೊದ್ದ, ನಮ್ಮ ಮದುವೆಗಳಿಗಿಂತ ಹಳೆಯ ಸ್ಪೋರ್ಟ್ಸ್ ಕಾರು ತಂದೆ. ನಿನ್ನ ಮನೆಯವರು ಸರ್ವಮಂಗಳಮ್ಮ ಅದರ ಸುತ್ತ ಒಂದು ಸಲ ಬಂದು, "ಇದರಾಗೆ ಒಂದು ಹಂಡೆ ಇಡಾಕೂ ಜಾಗ ಇಲ್ಲವಲ್ಲ ರೀ!" ಎಂದರು. ನಾನು ನಕ್ಕಿದ್ದಕ್ಕೆ ನೀನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹೋದ ಸೆಪ್ಟೆಂಬರಿನ ಆ ಗುರುವಾರ ಅದು ನ್ಯಾಮತಿ ರಸ್ತೆಯಲ್ಲಿ ನಿಂತಿತು. ಕ್ಲಚ್ ಒತ್ತಿದರೂ ಒತ್ತಿದ ಹಾಗಾಗಲಿಲ್ಲ ಎಂದು ಆಮೇಲೆ ನೀನೇ ಹೇಳಿದೆ. ಎರಡು ಗಂಟೆ ನೀನು ಒಬ್ಬನೇ ಕಾರಿನಲ್ಲಿ ಕೂತಿದ್ದೆ, ಆಮೇಲೆ ಹಾಲಿನ ಗಾಡಿಯವರು ನೋಡಿ ಆಸ್ಪತ್ರೆಗೆ ಸೇರಿಸಿದರು. ಅಷ್ಟರಲ್ಲಿ ಎಡಗಡೆ ಕೈಕಾಲು ಸೋತಿದ್ದವು. ಕ್ಲಚ್ ಕೈಕೊಟ್ಟಿತು, ಆ ಗಾಬರಿಗೆ ಲಕ್ವಾ ಹೊಡೆಯಿತು ಎಂದು ಊರೆಲ್ಲ ಆಡಿಕೊಂಡಿತು, ನೀನೂ ಅದನ್ನೇ ಹೇಳುತ್ತೀಯ. ಅವತ್ತಿನಿಂದ ನೀನು ಜಗಳೂರಿನಲ್ಲಿ ಮಗಳ ಮನೆಯಲ್ಲಿ, ಕಾರು ಹೊನ್ನಾಳಿಯಲ್ಲಿ ನನ್ನ ಅಂಗಳದಲ್ಲಿ. ಮೂರು ತಿಂಗಳು ಅದರ ಮೇಲಿನ ತಾಡಪಾಲು ತೆಗೆಯಲು ನನಗೆ ಮನಸ್ಸೇ ಆಗಲಿಲ್ಲ.

ಡಿಸೆಂಬರಿನಲ್ಲಿ ನಿನ್ನನ್ನು ನೋಡಲು ಬಂದಾಗ ನೀನು ಏನೆಂದೆ? "ಆ ಕಾರು ಮಾರಿಬಿಡೋ ಸುಬಾನ. ಇನ್ನು ಈ ಎಡಗಾಲು ಕ್ಲಚ್ ಒತ್ತಾಕಿಲ್ಲ." ಕಾರು ಹೋದರೆ ಹೋಗಲಿ, ನನಗೇನು. ಆದರೆ ನೀನು ಕಾಲನ್ನೇ ಮಾರಾಟಕ್ಕಿಟ್ಟವನ ಹಾಗೆ ಮಾತಾಡಿದೆ. ಹೊರಡುವಾಗ ವಾಣಿಶ್ರೀ ಬಾಗಿಲವರೆಗೆ ಬಂದಳು. ನರ್ಸಮ್ಮನಾಗಿ ನೂರಾರು ಜನರ ಕೈಕಾಲು ಆಡಿಸಿದವಳು, ಅಪ್ಪನ ಮುಂದೆ ಸೋತಿದ್ದಳು. "ಮಾಮ, ಅಪ್ಪ ವ್ಯಾಯಾಮ ಮಾಡಾಕೇ ಒಲ್ಲೆ ಅಂತಾರೆ. ತೂಕದ ಮಿಷನ್ನು ಗೋಡೆಗೆ ಆನಿಸಿ ಎಡಗಾಲಲ್ಲಿ ಒತ್ತಿಸ್ತೀನಿ, ಎಂಟು ಕೆಜಿಗೇ ಸಾಕು ಅಂತಾರೆ. ಅದಕ್ಕಿಂತ ಮುಂದೆ ಹೋಗಾಕೆ ಅವರಿಗೆ ಏನಾದ್ರೂ ಒಂದು ಆಸೆ ಬೇಕು" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಎಂಟು ಕೆಜಿ ನನ್ನ ತಲೆಯಲ್ಲೇ ಇತ್ತು. ಮನೆಗೆ ಬಂದವನೇ ತಾಡಪಾಲು ಸರಿಸಿ, ಅಂಥದ್ದೇ ಒಂದು ಮಿಷನ್ನನ್ನು ಕ್ಲಚ್ ಪೆಡಲ್ಲಿಗೆ ಆನಿಸಿ ಒತ್ತಿ ನೋಡಿದೆ. ಹದಿನಾರು ಕೆಜಿ. ನಿನ್ನ ಕಾಲು ಎಂಟು, ಕಾರಿನ ಕ್ಲಚ್ಚು ಹದಿನಾರು. ನಡುವಿನ ಎಂಟರಲ್ಲಿ ಎಷ್ಟನ್ನು ನಾನು ಇಳಿಸಬಹುದು ಎನ್ನುವುದೇ ಕೆಲಸ ಎಂದು ಅವತ್ತೇ ತೀರ್ಮಾನ ಮಾಡಿದೆ. ಮುಂಬೈಯಿಂದ ಹೊಸ ಕ್ಲಚ್ ಪ್ಲೇಟು, ಅದನ್ನು ಒತ್ತಿ ಹಿಡಿಯುವ, ಸ್ಪ್ರಿಂಗು ಹಗುರವಿರುವ ಹೊಸ ಪ್ರೆಶರ್ ಪ್ಲೇಟು ತರಿಸಿದೆ. ಚನ್ನಗಿರಿಯ ಕಲ್ಲೇಶ್ ಗೊತ್ತಲ್ಲ, ನನ್ನ ಗ್ಯಾರೇಜಿನಲ್ಲಿ ಕೆಲಸ ಕಲಿತವನು, ಅವನು ನಾಲ್ಕು ಹಳೆ ಲಾರಿ ರಿಮ್ಮು ಕಳಿಸಿಕೊಟ್ಟ. ಕಾರನ್ನು ಎತ್ತಿ ಅವುಗಳ ಮೇಲೆ ಕೂರಿಸಿದೆ.

ನಲವತ್ತು ವರ್ಷ ಲಾರಿ ಗೇರ್‌ಬಾಕ್ಸುಗಳನ್ನು ಎದೆ ಮೇಲೆ ಇಳಿಸಿಕೊಂಡವನು ನಾನು. ಈಗ ಅರವತ್ತಾರು. ನಮ್ಮ ಮನೆಯವಳು ರಹಮತ್‌ಬೀ ಸೊಂಟಕ್ಕೆ ಕೈಯಿಟ್ಟು ನಿಂತು, "ಎದೆ ಮೇಲೆ ಇಳಿಸ್ಕೊಳ್ಳಂಗಿದ್ರೆ ಮೊದಲು ಮನೆ ಯಾರಿಗೆ ಅಂತ ವಸೀಯತ್ ಬರೆದಿಟ್ಟು ಕೆಳಗೆ ಹೋಗ್ರಿ" ಎಂದಳು. ಸರಿ, ಬೇರೆ ದಾರಿ ಹುಡುಕಿದೆ. ಗೇರ್ ಕೋಲು ಬಿಚ್ಚಿದರೆ ಅಲ್ಲಿ ಒಂದು ತೂತು ಉಳಿಯುತ್ತದಲ್ಲ, ಅದರೊಳಗಿಂದ ಹಗ್ಗ ಇಳಿಬಿಟ್ಟು ಗೇರ್‌ಬಾಕ್ಸಿಗೆ ಕಟ್ಟಿದೆ. ಮೇಲೆ ಕಾರಿನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಡ್ಡಲಾಗಿ ಹಾರೆ ಇಟ್ಟು ಹಗ್ಗವನ್ನು ಅದಕ್ಕೆ ಸುತ್ತಿದೆ. ಹಾರೆಯ ಒಂದು ತುದಿಗೆ ರಹಮತ್‌ಬೀ, ಇನ್ನೊಂದು ತುದಿಗೆ ನಿನ್ನ ಹೆಂಡತಿ. ಹೌದು, ಸರ್ವಮಂಗಳಮ್ಮ ಆ ದಿನಗಳಲ್ಲಿ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನ್ಯಾಮತಿಯಿಂದ ಬಸ್ಸಿಗೆ ಬರುತ್ತಿದ್ದರು. ನಿನಗೆ ಹೇಳಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಈಗ ಹೇಳಿದ್ದೇನೆ, ಬೈಸಿಕೊಳ್ಳುತ್ತೇನೆ.

ನಾನು ಕೆಳಗೆ ಮಲಗಿ "ನಿಧಾನ, ನಿಧಾನ" ಎಂದು ಕೂಗುತ್ತಿದ್ದರೆ ಸರ್ವಮಂಗಳಮ್ಮ ಮೇಲಿನಿಂದ, "ಸುಬಾನಣ್ಣ, ಬಾವಿಗೆ ಕೊಡ ಬಿಟ್ಟು ಸೇದಿದ ಕೈ ಇವು. ನೀವು ನಿಮ್ಮ ತಲೆ ಆಚೆ ತಗೀರಿ, ಸಾಕು" ಎಂದರು. ಇಬ್ಬರೂ ಹಾರೆ ತಿರುಗಿಸುತ್ತಾ ತಿರುಗಿಸುತ್ತಾ ಹಗ್ಗ ಬಿಟ್ಟರು. ಗೇರ್‌ಬಾಕ್ಸು ಕೆಳಗಿಟ್ಟ ಟಯರಿನ ಮೇಲೆ ಸದ್ದಿಲ್ಲದೆ ಬಂದು ಕೂತಿತು. ನನ್ನ ಗ್ಯಾರೇಜಿನಲ್ಲಿ ಇಂಥ ಕೆಲಸಗಾರರು ಒಬ್ಬರೂ ಇರಲಿಲ್ಲ ಮಾರಾಯ.

ಹಳೆ ಪ್ಲೇಟನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. "ಪೂರ್ತಿ ಸವೆದೈತೇನು?" ಎಂದು ಸರ್ವಮಂಗಳಮ್ಮ ಕೇಳಿದರು. ನಾನು ಏನೋ ಒಂದು ಹೇಳಿ ಚಹಾ ಕೇಳಿದೆ.

ಹೊಸ ಪ್ಲೇಟು ಕೂರಿಸುವಾಗ ಅದು ನಟ್ಟನಡುವೆ ನಿಲ್ಲಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸು ವಾಪಸ್ ಒಳಗೆ ಹೋಗುವುದಿಲ್ಲ. ನಡುವಿನ ತೂತಿಗೆ ತೂರಿಸಿ ಹಿಡಿಯಲು ಅಳತೆಯ ಒಂದು ಕೋಲು ಬೇಕು. ನನ್ನ ಹತ್ತಿರ ಇರುವುದೆಲ್ಲ ಲಾರಿಗಳದ್ದು. ಅಡುಗೆಮನೆಯಲ್ಲಿ ರಹಮತ್‌ಬೀಯ ಲಟ್ಟಣಿಗೆ ಕಣ್ಣಿಗೆ ಬಿತ್ತು. ಅದರ ಹಿಡಿಯನ್ನು ಸ್ವಲ್ಪ ಅರದಿಂದ ಉಜ್ಜಿದರೆ ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು. ಉಜ್ಜಿದ ಮೇಲೆ ಅವಳಿಗೆ ಹೇಳಿದೆ. ನಮ್ಮ ಮನೆಯಲ್ಲಿ ಎರಡು ದಿನ ಚಪಾತಿ ಇಲ್ಲ, ಬರೀ ಅನ್ನ, ಅದೂ ಮಾತಿಲ್ಲದ ಅನ್ನ.

ಇನ್ನು ಮುಂದಿನದನ್ನು ನಗದೆ ಓದು ನೋಡೋಣ. ಕ್ಲಚ್ ಪ್ಲೇಟಿಗೆ ಒಂದು ಹನಿ ಜಿಡ್ಡೂ ತಗುಲಬಾರದು, ತಗುಲಿದರೆ ಜಾರುತ್ತದೆ. ಗ್ಯಾರೇಜಿಗೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ನಾನು ಮೈಕೈ ಮಸಿ ತೊಳೆಯಲು ಸ್ನಾನಕ್ಕೆ ಹೋದೆ, ಹೋಗುವಾಗ ಈ ಪಾಠವನ್ನು ಆ ಇಬ್ಬರಿಗೂ ಹೇಳಲಿಲ್ಲ. ಹೊಸ ಸಾಮಾನು ಪೂಜೆ ಇಲ್ಲದೆ ಒಳಗೆ ಹೋಗುವುದು ಹೇಗೆ? ಸರ್ವಮಂಗಳಮ್ಮ ಪ್ಲೇಟಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟರು. ಒಣ ಕುಂಕುಮ ಉದುರುತ್ತದೆ ಎಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಟ್ಟರು. ರಹಮತ್‌ಬೀ ಸುಮ್ಮನಿರುತ್ತಾಳಾ? ಪ್ಲೇಟು ಮಗುಚಿ ಹಾಕಿ, ಬಿಸ್ಮಿಲ್ಲಾ ಎಂದು ಇನ್ನೊಂದು ಮಗ್ಗುಲಿಗೆ ಅತ್ತರು ಹಚ್ಚಿದಳು, ಧಾರಾಳವಾಗಿ. ನಾನು ನೋಡಿ ನಗಬಾರದು ಎಂದು, ಬರುವಷ್ಟರಲ್ಲಿ ಪೂಜೆ ಕಣ್ಣಿಗೆ ಕಾಣದಂತೆ ಇಬ್ಬರೂ ಸೆರಗಿನಿಂದ ಒರೆಸಿಟ್ಟಿದ್ದರು. ಒರೆಸಿ ಒರೆಸಿ ಎಣ್ಣೆಯನ್ನು ಇಡೀ ಪ್ಲೇಟಿಗೆ ಹರಡಿದ್ದರು ಎನ್ನುವುದೇ ಸರಿ. ನನಗೆ ಅತ್ತರಿನ ವಾಸನೆ ಬಂತು ಕಣೋ. ಈ ವಯಸ್ಸಿನಲ್ಲಿ ಹೆಂಡತಿ ನನಗಾಗಿ ಅತ್ತರು ಪೂಸಿಕೊಂಡಿದ್ದಾಳೆ ಎಂದು ಒಳಗೊಳಗೇ ಹಿಗ್ಗಿ, ಕನ್ನಡಕ ಹಾಕಿಕೊಳ್ಳದೆ ಪ್ಲೇಟು ಜೋಡಿಸಿಬಿಟ್ಟೆ.

ಮರುದಿನ ನ್ಯಾಮತಿ ರಸ್ತೆಗೆ ಕಾರು ತೆಗೆದೆ. ಸಮತಟ್ಟಿನಲ್ಲಿ ರಾಜನ ಹಾಗೆ ಹೋಯಿತು. ಸಣ್ಣ ಏರು ಬಂದದ್ದೇ ತಡ, ಇಂಜಿನ್ನು ಕಿರುಚುತ್ತದೆ, ಕಾರು ಕದಲಲ್ಲ. ಕ್ಲಚ್ ಸುಟ್ಟರೆ ಯಾವ ವಾಸನೆ ಅಂತ ನಿನಗೇ ಗೊತ್ತು, ಅಂಗಡಿಯ ವ್ಯಾನಿನದು ಎಷ್ಟು ಸಲ ಸುಟ್ಟಿದ್ದೀಯ. ಇದು ಹಾಗಿರಲಿಲ್ಲ. ಕಣ್ಣು ಮುಚ್ಚಿದರೆ ನಿಕಾಹ್ ಮನೆಯಲ್ಲಿ ಕೂತ ಹಾಗಿತ್ತು. ಕೊನೆಗೆ ಒಬ್ಬ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆದು ತಂದ. ಮನೆ ಮುಂದೆ ಹಗ್ಗ ಬಿಚ್ಚುತ್ತಾ, "ಸಾಬರೇ, ಇದು ಭಾಳ ಸ್ಪೀಡ್ ಹೋಗ್ತೈತಂತೆ, ಹೌದೇನ್ರಿ?" ಎಂದು ಕೇಳಿದ.

ಗೇರ್‌ಬಾಕ್ಸನ್ನು ಮತ್ತೆ ಇಳಿಸಿದೆವು. ಪ್ಲೇಟು ಕೈಗೆ ಬಂದಾಗ ಕುಂಕುಮದ ಬಣ್ಣ ಇನ್ನೂ ಇತ್ತು. ಎತ್ತಿ ಇಬ್ಬರಿಗೂ ತೋರಿಸಿದೆ. "ನಾನು ಒಂದೇ ಹನಿ ಇಟ್ಟಿದ್ದು, ಎಲ್ಲ ರಹಮತಕ್ಕನ ಅತ್ತರಿಂದು" ಎಂದರು ಸರ್ವಮಂಗಳಮ್ಮ. "ಅತ್ತರು ಹಾರಿಹೋಗ್ತೈತೆ ಅಮ್ಮಾರೆ, ಎಣ್ಣೆ ಹಾರಲ್ಲ" ಎಂದಳು ಇವಳು. ಆಮೇಲೆ ಮೂವರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸೆಪ್ಟೆಂಬರಿನ ನಂತರ ನಿನ್ನ ಹೆಂಡತಿ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಲ್ಲಿ ತಿಕ್ಕಿ, ಕನ್ನಡಕ ಹಾಕಿಕೊಂಡು ಜೋಡಿಸಿದೆ. ಈ ಸಲ ಕುಂಕುಮ ಸ್ಟೀರಿಂಗಿಗೆ, ಅತ್ತರು ಬಾನೆಟ್ಟಿಗೆ. ಶುಕ್ರವಾರ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆ.

ಹೊಸ ಸ್ಪ್ರಿಂಗಿಗೆ ಪೆಡಲ್ಲು ಹನ್ನೆರಡು ಕೆಜಿಗೆ ಇಳಿಯಿತು. ಕ್ಲಚ್ಚಿನ ತಂತಿ ಎಳೆಯುವ ತೋಳನ್ನು ವೆಲ್ಡಿಂಗ್ ಮಾಡಿಸಿ ಒಂದು ಇಂಚು ಉದ್ದ ಮಾಡಿದೆ. ಒಂಬತ್ತಾಯಿತು. ಕಬ್ಬಿಣದಿಂದ ಇನ್ನು ಇಳಿಸಲು ಆಗಲ್ಲ ಕೊಟ್ರಾ. ಉಳಿದದ್ದು ಒಂದು ಕೆಜಿ, ಅದು ನಿನ್ನ ಪಾಲು. ಫೆಬ್ರವರಿ ಎರಡನೇ ಭಾನುವಾರ ಕಾರನ್ನು ಜಗಳೂರಿಗೆ ತರುತ್ತೇನೆ. ಡಾಕ್ಟರು ಒಪ್ಪುವ ತನಕ ರಸ್ತೆಗೆ ಇಳಿಸುವುದು ಬೇಡ. ಸೊಕ್ಕೆ ಕಡೆ ಬೆಳೆ ಕೊಯ್ದು ಖಾಲಿ ಬಿದ್ದ ಹೊಲ ಬೇಕಾದಷ್ಟಿವೆ, ಅಲ್ಲಿ ನೀನು ಸ್ಟೀರಿಂಗ್ ಹಿಡಿ, ನಾನು ಪಕ್ಕದಲ್ಲಿ ಕೂತು ಕೈಬ್ರೇಕ್ ಹಿಡಿದಿರುತ್ತೇನೆ. ಒಂದು ಸಲ ಕ್ಲಚ್ ಒತ್ತಿ ಮೊದಲ ಗೇರ್ ಹಾಕಿದರೆ ನನಗೆ ಸಾಕು. ಅಲ್ಲಿವರೆಗೆ ವಾಣಿಶ್ರೀ ಹೇಳಿದ ಹಾಗೆ ಕೇಳು, ಗೋಡೆಗೆ ಒದೆಯುವಾಗ ನನ್ನ ಮುಖ ನೆನೆಸಿಕೋ.

ನನ್ನ ಅಲ್ಲಾಹನೂ ನಿನ್ನ ಕೊಟ್ಟೂರಯ್ಯನೂ ಸೇರಿ ಆ ಕಾಲಿಗೆ ಬಲ ಕೊಡಲಿ. ವಾಣಿಶ್ರೀಗೆ ಈ ಮಾಮನ ದುವಾ, ಅವಳ ಮನೆ ತಣ್ಣಗಿರಲಿ. ರಹಮತ್‌ಬೀ ನಿನಗೆ ಸಲಾಮು ಹೇಳುತ್ತಾಳೆ, ಜೊತೆಗೆ ಒಂದು ಹೊಸ ಲಟ್ಟಣಿಗೆಯನ್ನು ನಿನ್ನ ಅಂಗಡಿಯಿಂದಲೇ ಕೊಡಿಸಬೇಕು ಎನ್ನುತ್ತಾಳೆ.

ನಿನ್ನ
ಸುಬಾನ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ.

ನಿನ್ನ ಹಳೆ ಪ್ಲೇಟು ಸವೆದಿರಲಿಲ್ಲ ಕೊಟ್ರಾ. ಇನ್ನೂ ಎರಡು ವರ್ಷ ಓಡುತ್ತಿತ್ತು. ತಂತಿಯೂ ಸರಿಯಾಗಿತ್ತು. ಪೆಡಲ್ ಒತ್ತಿ ನೋಡಿದಾಗಲೇ ಅನುಮಾನ ಬಂದಿತ್ತು, ಬಿಚ್ಚಿದ ಮೇಲೆ ಖಾತ್ರಿಯಾಯಿತು. ಅವತ್ತು ಕೆಟ್ಟಿದ್ದು ಕ್ಲಚ್ಚಲ್ಲ. ಮೊದಲು ಸೋತದ್ದು ನಿನ್ನ ಕಾಲು. ಕಾಲು ಒತ್ತದೆ ಇದ್ದದ್ದಕ್ಕೆ ನೀನು ಕ್ಲಚ್ಚೇ ಹೋಯಿತು ಎಂದುಕೊಂಡು ಮೆಕ್ಯಾನಿಕ್ಕಿಗೆ, ಅಂದರೆ ನನಗೆ, ಫೋನ್ ಮಾಡಿದೆ. ಮೂರು ಸಲ ಮಾಡಿದೆ.

ನಮಾಜಿನಲ್ಲಿದ್ದೆ, ಗೊತ್ತಾಗಲಿಲ್ಲ ಎಂದು ಆಸ್ಪತ್ರೆಯಲ್ಲಿ ನಿನಗೆ ಹೇಳಿದೆ. ಸುಳ್ಳು. ನಾನು ಮನೆ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದೆ. ಹಿಂದಿನ ವಾರ ನಿನ್ನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, ಲಾರಿ ಬಿಚ್ಚೋನಿಗೆ ಇಂಥ ಕಾರಿಂದು ಏನು ತಿಳಿದೀತು ಅಂದಿದ್ದೆಯಲ್ಲ, ಆ ಸಿಟ್ಟು ಇಳಿದಿರಲಿಲ್ಲ. ಫೋನಿನಲ್ಲಿ ನಿನ್ನ ಹೆಸರು ನೋಡಿದೆ, ಬಡಿದುಕೊಳ್ಳಲಿ ಎಂದು ಬಿಟ್ಟೆ. ಮೂರನೇ ಸಲ ರಹಮತ್‌ಬೀ ಎತ್ತಲು ಎದ್ದಳು. ಬೇಡ ಎಂದವನು ನಾನು. ಇನ್ನೂ ಬೇಗ ಕರೆತಂದಿದ್ದರೆ ಕಾಲಿಗೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ವಾಣಿಶ್ರೀಗೆ ಹೇಳುವಾಗ ನಾನು ಅವಳ ಹಿಂದೆಯೇ ನಿಂತಿದ್ದೆ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಕಲ್ಲೇಶ್ ಕೈಯಲ್ಲಿ ಕಾರು ಕಳಿಸುತ್ತೇನೆ. ಆದರೂ ನೀನು ಕಾಲು ಒತ್ತುವುದನ್ನು ಬಿಡಬೇಡ.

ಆ ಎರಡು ಗಂಟೆ ನೀನು ಕೂತಿದ್ದ ಜಾಗಕ್ಕೆ ಮೊನ್ನೆ ಹೋಗಿ ಬಂದೆ. ನಮ್ಮ ಮನೆಯಿಂದ ಬೈಕಿನಲ್ಲಿ ಹನ್ನೆರಡು ನಿಮಿಷ.